ನಂದಿ ಮರದಲ್ಲಿ ಮೂರೂವರೆ ಗಂಟೆ

ಮೇ ತಿಂಗಳ ಎರಡನೇ ವಾರದ ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನಾನು ತೋಟದ ಏಳನೇ ಬ್ಲಾಕಿನಲ್ಲಿ, ಹಳೇ ಪಂಪ್‌ಹೌಸಿನಿಂದ ಎಂಬತ್ತು ಹೆಜ್ಜೆ ಮೇಲೆ, ಒಂದು ನಂದಿ ಮರದ ಬುಡದಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಮುಖ ಪೂರ್ವಕ್ಕಿತ್ತು. ಬಿಸಿಲು ಕಣ್ಣಿಗೆ ಬೀಳುತ್ತಿದ್ದದ್ದರಿಂದ ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದಿದ್ದೆ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ಕ್ಷಣ ಮರದ ಮೇಲೆ ನಡೆದದ್ದನ್ನು ಕೆಳಗಿನಿಂದ ನೋಡಿದವರು ಇಬ್ಬರೇ. ಇನ್ನೊಬ್ಬ ಮರದ ಆಚೆ ಬದಿಯಲ್ಲಿ, ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದ. ನಾವಿಬ್ಬರೂ ನೋಡಿದ್ದು ಒಂದೇ ಅಲ್ಲ.

ತೋಟ ಇರುವುದು ಹುದಿಕೇರಿಯಿಂದ ಶ್ರೀಮಂಗಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ನಾನು ಅಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಕೂಗಿ, ಯಾರು ಯಾವ ಬ್ಲಾಕಿಗೆ ಎಂದು ಹೇಳಿ, ಸಂಜೆ ಆದ ಕೆಲಸವನ್ನು ನೋಡಿ ಬರೆದಿಡುವುದು ನನ್ನ ಕೆಲಸ. ನನ್ನ ಊರು ಕುಶಾಲನಗರದ ಪಕ್ಕ. ನಮ್ಮವರು ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಕೆಳಗೆ ಗದ್ದೆ ಮಾಡಿದವರು. ಗದ್ದೆಯ ಬದುವಿಗಿಂತ ಎತ್ತರದಲ್ಲಿ ನಿಂತು ದುಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಮಳೆಗಾಲ ಹಿಡಿಯುವ ಮೊದಲು ಕಾಫಿಯ ಮೇಲಿನ ನೆರಳನ್ನು ತೆಳು ಮಾಡಬೇಕು. ದೊಡ್ಡ ಮರಗಳ ಕೊಂಬೆಗಳನ್ನು ಆರಿಸಿ ಕಡಿಯುವ ಈ ಕೆಲಸಕ್ಕೆ ಮರ ಕಪಾತು ಎನ್ನುತ್ತೇವೆ. ನಮ್ಮ ತೋಟದಲ್ಲಿ ಇಪ್ಪತ್ತಾರು ವರ್ಷದಿಂದ ಇದನ್ನು ಮಾಡುತ್ತಿದ್ದವರು ಒಬ್ಬರೇ. ಅವರ ತಂದೆ ವಯನಾಡಿನಿಂದ ಬಂದು ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ನೆಲೆಸಿದವರು. ಇವರು ಹುಟ್ಟಿದ್ದೇ ಲೈನಿನಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವರು. ಒಂಟಿ ಬಿದಿರಿನ ಏಣಿಯಲ್ಲಿ ಮೊದಲ ಕವಲಿನವರೆಗೆ ಹೋಗಿ, ಅಲ್ಲಿಂದ ಪಾದಗಳಿಗೆ ಹಗ್ಗದ ಬಳೆ ಹಾಕಿಕೊಂಡು ಕಾಂಡವನ್ನು ತಬ್ಬಿ ಏರುತ್ತಿದ್ದರು. ಸೊಂಟದ ಹಿಂದೆ ಮರದ ಕೊಕ್ಕೆಯಲ್ಲಿ ಕತ್ತಿ. ಕೆಳಗೆ ನಿಂತು, ಕಡಿದ ಕೊಂಬೆಯನ್ನು ಕಾಫಿ ಗಿಡದ ಮೇಲೆ ಬೀಳದಂತೆ ಹಗ್ಗದಲ್ಲಿ ಇಳಿಸಿಕೊಳ್ಳುವವನು ಅವರ ಭಾವಮೈದುನ, ಹೆಂಡತಿಯ ತಮ್ಮ.

ಆ ವರ್ಷ ಮಾಲೀಕರು ಸೇಫ್ಟಿ ಬೆಲ್ಟ್ ತರಿಸಿದರು. ಎರಡು ವರ್ಷದ ಹಿಂದೆ ಮೇಲಿನ ತೋಟದಲ್ಲಿ ಒಬ್ಬ ಬಳಂಜಿ ಮರದಿಂದ ಬಿದ್ದು ತೀರಿಕೊಂಡಿದ್ದ. ಅದು ಮಾಲೀಕರ ತಲೆಯಿಂದ ಹೋಗಿರಲಿಲ್ಲ. ನನ್ನನ್ನು ಒಂದು ದಿನದ ತರಬೇತಿಗೆ ಕಳಿಸಿದರು. ಬೆಲ್ಟ್ ತೊಡೆ, ಸೊಂಟ, ಹೆಗಲು ಮೂರನ್ನೂ ಹಿಡಿಯುತ್ತದೆ. ಅದಕ್ಕೇ ಹೊಲಿದ ಎರಡು ಪಟ್ಟಿಗಳು ಹೊರಡುತ್ತವೆ, ಎರಡರ ತುದಿಗೂ ಕೊಂಡಿ; ಮರವನ್ನು ಸುತ್ತಿ ಬಂದ ಕೊಂಡಿಯನ್ನು ಅದೇ ಪಟ್ಟಿಗೆ ಸಿಕ್ಕಿಸುವುದು. ಏರುವಾಗ ಒಂದು ಪಟ್ಟಿ ಮರವನ್ನು ಸುತ್ತಿ ಬಿಗಿದಿರಬೇಕು, ಇನ್ನೊಂದನ್ನು ಬಿಚ್ಚಿ ಮೇಲಕ್ಕೆ ಹಾಕಿಕೊಳ್ಳಬೇಕು. ಎರಡೂ ಒಟ್ಟಿಗೆ ಬಿಚ್ಚಿರಬಾರದು. ಹೇಳಿಕೊಟ್ಟವರು ಇನ್ನೊಂದು ಮಾತನ್ನೂ ಹೇಳಿದ್ದರು. ಮರ ಹತ್ತಿಸುವ ಮುಂಚೆ ಆಳನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಬೆಲ್ಟಿನಲ್ಲಿ ನೇತಾಡಿಸಬೇಕು. ಮೈಯ ಭಾರವನ್ನೆಲ್ಲ ಅದಕ್ಕೆ ಬಿಡುವುದು ಹೇಗಿರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಾಗಬೇಕು. ಇದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದಿದ್ದೆ.

ಸೋಮವಾರ ಬೆಲ್ಟನ್ನು ಎತ್ತಿ ತೋರಿಸಿದಾಗ ಮರ ಹತ್ತುವವರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಇದು ಎಮ್ಮೆಗೆ ಕಟ್ಟೋದಲ್ವಾ ರೈಟ್ರೇ?”

“ಎಮ್ಮೆ ಮರ ಹತ್ತಲ್ಲ ಭಾವ,” ಎಂದ ಭಾವಮೈದುನ.

“ಅದಕ್ಕೇ ಅದಕ್ಕೆ ಕಟ್ಟೋದು. ನಂಗ್ಯಾಕೆ?”

ಮಂಗಳವಾರ ತೊಡೆ ಉರಿಯುತ್ತದೆ ಎಂದರು. ಬುಧವಾರ ಬಕಲ್ ಸರಿ ಇಲ್ಲ ಎಂದರು. ಗುರುವಾರ ಹಾಜರಿಯ ಹೊತ್ತಿಗೆ ನಾನು, “ಬೆಲ್ಟ್ ಇಲ್ಲ ಅಂದ್ರೆ ಇವತ್ತು ಮರ ಇಲ್ಲ ಅಣ್ಣ,” ಎಂದೆ. ಅವರು ಹಾಕಿಕೊಂಡರು. ಬಕಲ್‌ಗಳನ್ನು ನಾನೇ ಎಳೆದು ಬಿಗಿ ಮಾಡಿದೆ. ಆಮೇಲೆ, ಒಂದು ಸಲ ಇಲ್ಲೇ ಜಂತೆಗೆ ಕಟ್ಟಿ ನೇತಾಡಿ ನೋಡಿ ಎಂದೆ.

“ನೇತಾಡೋಕೆ ನಾನೇನು ಬಾವಲಿನಾ?”

ಹಾಜರಿಗೆ ನಿಂತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ಹೆಜ್ಜೆಯನ್ನು ಬಿಟ್ಟುಬಿಟ್ಟೆ.

ಹತ್ತು ಇಪ್ಪತ್ತೈದಕ್ಕೆ ಅವರು ನೆಲದಿಂದ ನಲವತ್ತೆಂಟು ಅಡಿ ಮೇಲಿದ್ದರು. ಇದು ಆಮೇಲೆ ಹಗ್ಗ ಹಾಕಿ ಅಳೆದ ಲೆಕ್ಕ. ಎರಡು ಕೊಂಬೆ ಕಡಿದು ಇಳಿಸಿಯಾಗಿತ್ತು. ಕತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಮೂರನೆಯ ಕೊಂಬೆಯ ಕಡೆಗೆ ಹೋಗಲು ಒಂದು ಪಟ್ಟಿಯನ್ನು ಬಿಚ್ಚಿದರು. ಅದನ್ನು ಮೇಲಕ್ಕೆ ಹಾಕಲು ಎಡಗೈ ಎತ್ತಿದಾಗ ಬಲಗಾಲು ಜಾರಿತು. ನಂದಿ ಮರದ ತೊಗಟೆ ನುಣುಪು, ಹಾಳೆ ಹಾಳೆಯಾಗಿ ಏಳುತ್ತದೆ. ಅವರ ಕಾಲು ಜಾರಿದ್ದನ್ನು ನಾನು ಹಿಂದೆಯೂ ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ತೋಳು ಹಿಡಿದುಕೊಳ್ಳುತ್ತಿತ್ತು, ಅವರು ಮರಕ್ಕೆ ಒಂದು ಬೈಗುಳ ಬೈದು ಮುಂದಕ್ಕೆ ಹೋಗುತ್ತಿದ್ದರು. ಈ ಸಲ ತೋಳು ಹಿಡಿಯುವ ಮೊದಲೇ ಬೆಲ್ಟ್ ಹಿಡಿಯಿತು. ಒಂದೂವರೆ ಅಡಿ ಕೆಳಗೆ ಬಂದು ನಿಂತರು. ಕೈಯೂ ಕಾಲೂ ಗಾಳಿಯಲ್ಲಿ. ಮೈ ಅರ್ಧ ಸುತ್ತು ತಿರುಗಿ ಮುಖ ನೆಲದ ಕಡೆಗೆ ಬಂತು. ನನ್ನನ್ನು ನೋಡಿದರು. ಎರಡು ಸೆಕೆಂಡ್ ಇರಬಹುದು. ಆಮೇಲೆ ಕೊಂಬೆಗೆ ಕಾಲು ಕೊಟ್ಟು ಎದ್ದು, ಕಾಂಡವನ್ನು ಎರಡೂ ತೋಳಿನಿಂದ ತಬ್ಬಿ ನಿಂತರು.

ಇದು ನಾನು ನೋಡಿದ್ದು. ಭಾವಮೈದುನ ಹೇಳುವುದು ಬೇರೆ. ಬಿಚ್ಚಿಬಿಟ್ಟಿದ್ದ ಪಟ್ಟಿ ಜೋತುಬಿದ್ದು ಮೊಣಕಾಲಿಗೆ ಸುತ್ತಿಕೊಂಡಿತು, ಅದಕ್ಕೇ ಕಾಲು ಜಾರಿದ್ದು ಎಂದು ಅವನು ಹೇಳುತ್ತಾನೆ. ಅವನು ಹೇಳಿದ್ದು ನಿಜವಾದರೆ ಬೀಳಿಸಿದ್ದೂ ಬೆಲ್ಟೇ, ಹಿಡಿದದ್ದೂ ಬೆಲ್ಟೇ. ನಾನು ಮೊಣಕಾಲನ್ನು ನೋಡಲಿಲ್ಲ. ಪಾದವನ್ನು ನೋಡುತ್ತಿದ್ದೆ.

“ಏನೂ ಆಗ್ಲಿಲ್ಲ ಅಲ್ವಾ?” ಎಂದು ಕೂಗಿದೆ.

“ಇಲ್ಲ.”

“ಸ್ವಲ್ಪ ಸುಧಾರಿಸ್ಕೊಂಡು ಇಳೀರಿ. ಟೀ ಕುಡಿಯೋಣ.”

ಉತ್ತರ ಬರಲಿಲ್ಲ. ಭಾವಮೈದುನ, “ಬೀಡಿ ಕಳಿಸ್ಲಾ ಭಾವ?” ಎಂದು ನಕ್ಕ. ನಾವು ಐದು ನಿಮಿಷ ಕಾದೆವು. ಆಗ ನಾನು ಒಂದು ವಿಷಯ ಗಮನಿಸಿದೆ. ಗಾಳಿ ಇರಲಿಲ್ಲ, ಆದರೆ ಅವರು ನಿಂತಿದ್ದ ಕೊಂಬೆಯ ಎಲೆಗಳು ಮಾತ್ರ ಅಲ್ಲಾಡುತ್ತಿದ್ದವು. ಅವರ ತೊಡೆಯ ನಡುಕ ಕೊಂಬೆಗೆ ಇಳಿದು ತುದಿಯವರೆಗೆ ಹೋಗುತ್ತಿತ್ತು.

“ರೈಟ್ರೇ,” ಎಂದರು. “ಕೈ ಬರ್ತಿಲ್ಲ.”

ಮುರಿದಿದೆ ಎಂದುಕೊಂಡೆ. “ನೋವಿದ್ಯಾ?”

“ನೋವಿಲ್ಲ. ಬಿಡು ಅಂದ್ರೆ ಬಿಡ್ತಿಲ್ಲ ಅದು.”

ಮೊದಲ ಅರ್ಧ ಗಂಟೆ ಬರಿಯ ಮಾತಿನಲ್ಲಿ ಹೋಯಿತು. ಎಡಗೈ ಮೊದಲು ಸಡಿಲ ಮಾಡಿ, ಬೆರಳು ಒಂದೊಂದೇ ತೆಗೀರಿ ಎಂದು ನಾನು ಹೇಳುತ್ತಿದ್ದೆ. ಅವರು “ಹ್ಞೂಂ” ಎನ್ನುತ್ತಿದ್ದರು. ಬೆರಳು ಅಲ್ಲಾಡುತ್ತಿರಲಿಲ್ಲ. ಕೆಳಗಿನಿಂದ ನೋಡಿದರೆ ಹಟ ಮಾಡುತ್ತಿದ್ದಾರೆ ಎಂದೇ ಕಾಣಬೇಕು.

ಹನ್ನೊಂದು ಗಂಟೆಗೆ ಭಾವಮೈದುನ ಬಿದಿರಿನ ಏಣಿ ಹತ್ತಿ ಮೊದಲ ಕವಲಿನವರೆಗೆ ಹೋದ. ಅದು ಇಪ್ಪತ್ತಾರು ಅಡಿ. ಅಲ್ಲಿಂದ ಮೇಲೆ ಬರಿಯ ಕಾಂಡ. ಅವನ ಬಲ ಹೆಗಲು ಒಮ್ಮೆ ಕೀಲು ತಪ್ಪಿದ್ದರಿಂದ ಅದನ್ನು ತಬ್ಬಿ ಏರಲು ಆಗುವುದಿಲ್ಲ. “ಭಾವ, ಇಲ್ಲೇ ಇದ್ದೀನಿ, ಕಾಲು ಕೆಳಗೆ ಬಿಡಿ, ಇಡೋ ಜಾಗ ನಾನು ಹೇಳ್ತೀನಿ,” ಎಂದು ಕೂಗಿದ. ಹತ್ತು ನಿಮಿಷ ಹಾಗೆ ಕೂಗಿ ಇಳಿದು ಬಂದ. ನೆಲಕ್ಕೆ ಬಂದ ಮೇಲೂ ಏಣಿಯನ್ನು ಬಿಡಲಿಲ್ಲ.

“ನಿಂಗೇನಾಯ್ತು?”

“ಹತ್ರ ಹೋದ್ರೆ ನಂಗೂ ಬರುತ್ತೆ ರೈಟ್ರೇ. ಅವ್ರ ಉಸಿರು ಕೇಳ್ಬಾರ್ದು.”

ಮುಂದಿನದು ನಾನು ತರಬೇತಿಯಲ್ಲಿ ಕಲಿತ ಕ್ರಮ. ತೆಳು ಹಗ್ಗದ ತುದಿಗೆ ಕಲ್ಲು ಕಟ್ಟಿ, ಅವರ ತಲೆಯ ಮೇಲಿನ ಕವಲಿನ ಆಚೆಗೆ ಬೀಳುವಂತೆ ಎಸೆಯಬೇಕು. ತೆಳು ಹಗ್ಗಕ್ಕೆ ದಪ್ಪ ಹಗ್ಗ ಕಟ್ಟಿ ಎಳೆದುಕೊಂಡು, ಅದರ ತುದಿಯ ಕೊಂಡಿಯನ್ನು ಅವರ ಎದೆಯ ಮಟ್ಟಕ್ಕೆ ತರಬೇಕು. ಅವರು ಅದನ್ನು ಬೆಲ್ಟಿನ ಬಳೆಗೆ ಹಾಕಿಕೊಂಡು, ಮರಕ್ಕೆ ಸುತ್ತಿದ ಪಟ್ಟಿಯನ್ನು ಬಿಚ್ಚಿದರೆ, ಕೆಳಗಿನಿಂದ ನಾವಿಬ್ಬರು ಹಗ್ಗ ಬಿಡುತ್ತಾ ಅವರನ್ನು ಇಳಿಸಬಹುದು. ಎಂಟನೆಯ ಎಸೆತಕ್ಕೆ ಹಗ್ಗ ಕವಲನ್ನು ದಾಟಿತು. ಹನ್ನೆರಡಕ್ಕೆ ಸರಿಯಾಗಿ ಕೊಂಡಿ ಅವರ ಎದೆಯಿಂದ ಒಂದು ಗೇಣು ದೂರದಲ್ಲಿ ತೂಗುತ್ತಿತ್ತು.

“ಹಿಡ್ಕೊಳ್ಳಿ ಅಣ್ಣ. ಹಾಕ್ಕೊಂಡ್ರೆ ಮುಗೀತು, ನಾವು ಇಳಿಸ್ತೀವಿ.”

ಅವರು ಕೊಂಡಿಯನ್ನೇ ನೋಡಿದರು.

“ಅದನ್ನ ಹಾಕ್ಕೊಂಡ್ರೆ ಮತ್ತೆ ನೇತಾಡ್ಬೇಕಲ್ಲ,” ಎಂದರು.

“ಒಂದು ನಿಮಿಷ ಅಷ್ಟೇ.”

“ಆಗಲ್ಲ ರೈಟ್ರೇ. ನೇತಾಡಿದಾಗ ಕೆಳಗೆ ನೋಡ್ದೆ.”

ಅವರು ದಿನವೂ ಕೆಳಗೆ ನೋಡುತ್ತಿದ್ದವರು. ಮೇಲಿನಿಂದಲೇ ನನ್ನ ಬೈಕ್ ಬರುವುದನ್ನು ಕಂಡು, ರೈಟ್ರು ಬಂದ್ರು ಎಂದು ಹೆಂಗಸರಿಗೆ ಎಚ್ಚರಿಕೆ ಕೊಡುತ್ತಿದ್ದವರು. ಅವರು ಏನು ಹೇಳುತ್ತಿದ್ದಾರೆ ಎಂದು ನನಗೆ ಆಗ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ.

ಅಲ್ಲಿ ನಿಂತಾಗ ನನಗೆ ಮೇಲಿನ ತೋಟದ ಬಳಂಜಿ ಮರ ನೆನಪಾಯಿತು. ಆ ಮನುಷ್ಯ ಬಿದ್ದ ಮಾರನೆಯ ದಿನ, ಅರ್ಧ ಕಡಿದ ಕೊಂಬೆಯೊಂದು ದಾರಿಯ ಮೇಲೆ ಜೋತಾಡುತ್ತಿದೆ, ನಿಮ್ಮವರನ್ನು ಕಳಿಸಿ ಎಂದು ಆ ತೋಟದವರು ಕೇಳಿದ್ದರು. ಇವರೇ ಹೋಗಿ ಆ ಮರ ಮುಗಿಸಿ ಬಂದರು. ನಾನು ಜೊತೆಗಿದ್ದೆ. ಬುಡದಲ್ಲಿ ಮಣ್ಣು ಹಾಕಿ ಮುಚ್ಚಿದ ಜಾಗವನ್ನು ಬಳಸಿ ನಡೆದು, ಮರವನ್ನು ಮುಟ್ಟಿ, ಹತ್ತಿದರು. ಹೆದರಿಕೆ ಆಗಲಿಲ್ಲವೇ ಎಂದು ದಾರಿಯಲ್ಲಿ ಕೇಳಿದ್ದಕ್ಕೆ, “ಬಿದ್ದಿದ್ದು ಅವ್ನಲ್ವಾ?” ಎಂದಿದ್ದರು. ಅದರಲ್ಲಿ ಕಲ್ಲೆದೆ ಏನೂ ಇರಲಿಲ್ಲ. ಹೆಣದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. ಬೇರೊಬ್ಬನ ಸಾವನ್ನು ಅಷ್ಟು ಹತ್ತಿರದಿಂದ ನೋಡಿ ಮರ ಹತ್ತಿದ ಮನುಷ್ಯ, ಏನೂ ಆಗದೆ ಎರಡು ಸೆಕೆಂಡ್ ತೂಗಾಡಿದ್ದಕ್ಕೆ ಹೀಗಾಗುವುದು ಹೇಗೆ?

ಏಳನೇ ಬ್ಲಾಕಿನಲ್ಲಿ ಫೋನ್ ಸಿಗುವುದು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಮಾತ್ರ. ಹನ್ನೆರಡೂಕಾಲಕ್ಕೆ ಅಲ್ಲಿಗೆ ಓಡಿ ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಬರುತ್ತೇವೆ, ಆದರೆ ವಾಹನ ಇನ್ನೊಂದು ಕಡೆ ಹೋಗಿದೆ, ಎರಡು ಗಂಟೆ ಹಿಡಿಯಬಹುದು ಎಂದರು. ಮಾತು ಮರ್ಯಾದೆಯಿಂದಲೇ ಇತ್ತು. ಅಲ್ಲಿಯವರೆಗೆ ಅವರನ್ನು ಮಾತಾಡಿಸುತ್ತಿರಿ, ನಿದ್ದೆಗೆ ಬಿಡಬೇಡಿ ಎಂದರು. ನಾನು ಮರದಿಂದ ದೂರವಿದ್ದದ್ದು ಆರು ನಿಮಿಷ. ಆ ಆರು ನಿಮಿಷದಲ್ಲಿ ಅವರು ಅತ್ತರು ಎಂದು ಭಾವಮೈದುನ ಆಮೇಲೆ ಹೇಳಿದ. ನಾನು ಬಂದಾಗ ಅಳುತ್ತಿರಲಿಲ್ಲ.

ಒಂದು ಗಂಟೆಗೆ ಅವರ ಹೆಂಡತಿ ಬಂದರು. ನಾಲ್ಕನೇ ಬ್ಲಾಕಿನಲ್ಲಿ ಕಳೆ ಕೀಳುತ್ತಿದ್ದವರಿಗೆ ಯಾರೋ ಹೇಳಿದ್ದರು. ಓಡಿ ಬರಲಿಲ್ಲ, ನಡೆದೇ ಬಂದರು. ಬುಡದಲ್ಲಿ ನಿಂತು ಮೇಲೆ ನೋಡಿ, ಮೊದಲು ಮಲಯಾಳದಲ್ಲಿ ಏನೋ ಕೇಳಿದರು. ಮೇಲಿನಿಂದ ಒಂದು ಮಾತು ಬಂತು. ಆಮೇಲೆ ನನಗೂ ಅರ್ಥವಾಗಲಿ ಎಂದೋ ಏನೋ, ಕನ್ನಡದಲ್ಲಿ ಶುರು ಮಾಡಿದರು.

“ಅಲ್ಲೇ ಮನೆ ಮಾಡಿದ್ರಾ? ಹೇಳಿದ್ರೆ ಚಾಪೆ ತರ್ತಿದ್ದೆ.”

“ಸುಮ್ನಿರೇ.”

“ಸುಮ್ನೆ ಇದ್ದೀನಿ. ಅನ್ನ ತಣ್ಣಗಾಗಿದೆ.”

ಎರಡೂವರೆ ಗಂಟೆಯಲ್ಲಿ ಅವರು ಯಾರಿಗಾದರೂ ಮುನಿಸಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಆಕೆ ನನ್ನ ಕಡೆ ತಿರುಗಿದರು.

“ಅದನ್ನ ಯಾರು ಕಟ್ಟಿದ್ದು ರೈಟ್ರೇ?”

“ನಾನು.”

“ಹಾಗಾದ್ರೆ ನೀವೇ ಬಿಚ್ಚೋಕೆ ಹೇಳಿ. ಕಟ್ಕೊಂಡು ಇಳ್ದು ಅವ್ರಿಗೆ ಗೊತ್ತಿಲ್ಲ. ಬರೀ ಮೈಯಲ್ಲಿ ಇಳೀತಾರೆ.”

“ಬಿಚ್ಚಿದ್ಮೇಲೆ ಕಾಲು ಜಾರಿದ್ರೆ?”

“ಈಗ ಸಂಜೆ ತಂಕ ನಿಂತ್ಕೊಂಡು ಜಾರಿದ್ರೆ?”

“ಜಾರಿದ್ರೆ ಬೆಲ್ಟ್ ಹಿಡಿಯುತ್ತೆ.”

“ಆಗ್ಲೇ ಹಿಡೀತಲ್ಲ,” ಎಂದರು. “ಹಿಡಿದೇ ಹೀಗಾಗಿರೋದು.”

ಒಂದೂಕಾಲಕ್ಕೆ ಪಶ್ಚಿಮದಲ್ಲಿ, ಬ್ರಹ್ಮಗಿರಿಯ ಕಡೆ ಗುಡುಗು ಕೇಳಿಸಿತು. ಮೇ ತಿಂಗಳ ಮಧ್ಯಾಹ್ನದ ಗುಡುಗು ಇಲ್ಲಿ ಹೊಸದಲ್ಲ. ಬಂದೀತು, ಬಾರದೆಯೂ ಹೋದೀತು. ಆದರೆ ಆ ಬ್ಲಾಕಿನಲ್ಲಿ ಎಲ್ಲಕ್ಕಿಂತ ಎತ್ತರದ ಮರ ಅದೇ ನಂದಿ. ಮಳೆ ಬಿದ್ದರೆ ಆ ತೊಗಟೆಯ ಮೇಲೆ ಯಾರೂ ನಿಲ್ಲಲಾರರು. ಸಿಡಿಲಿನ ಮಾತನ್ನು ನಾನು ಬಾಯಿಬಿಟ್ಟು ಆಡಲಿಲ್ಲ. ಮಳೆಯ ಮಾತನ್ನು ಮೇಲಿದ್ದವರೇ ಆಡಿದರು.

“ರೈಟ್ರೇ, ಮಳೆ ಬರುತ್ತೆ.”

“ಬರುತ್ತೆ ಅಣ್ಣ.”

“ಇದು ಇಲ್ದಿದ್ರೆ ಇಳೀತಿದ್ದೆ ಅನ್ಸುತ್ತೆ. ಇದು ಮೈ ಮೇಲಿದೆ ಅಂದ್ರೇನೆ ಬೀಳ್ತೀನಿ ಅನ್ಸುತ್ತೆ.” ಆಮೇಲೆ, “ನೀವು ಹೇಳಿದ್ರೆ ಬಿಚ್ತೀನಿ,” ಎಂದರು.

ಬಿಚ್ಚಲು ಅವರಿಗೆ ನನ್ನ ಅಪ್ಪಣೆ ಏಕೆ ಬೇಕಿತ್ತು ಎಂದು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ನಾನು ಕಟ್ಟಿದ್ದರಿಂದ ಇರಬಹುದು. ಬಿದ್ದರೆ ಆ ಭಾರ ತನ್ನೊಬ್ಬನ ಮೇಲೆ ಬೇಡ ಎಂದಿರಬಹುದು. ಆಗ ಅದನ್ನೆಲ್ಲ ಯೋಚಿಸಲಿಲ್ಲ. ಪಂಪ್‌ಹೌಸಿಗೆ ಹೋಗಿ, ಮೈಸೂರಿಗೆ ಹೋಗಿದ್ದ ಮಾಲೀಕರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿ ಸುಮ್ಮನಾದರು. ಲೈನ್ ಹೋಯಿತೇನೋ ಎಂದು ಎರಡು ಸಲ ಹಲೋ ಎಂದೆ.

“ಇದ್ದೀನಿ ರೈಟ್ರೇ,” ಎಂದರು. “ನಾನು ಇಲ್ಲಿಂದ ಏನು ಹೇಳಿದ್ರೂ ತಪ್ಪಾಗುತ್ತೆ. ನೀವು ಅವ್ರನ್ನ ನೋಡ್ತಾ ಇದ್ದೀರಿ. ನೋಡಿ ಹೇಳಿ.”

ವಾಪಸು ಎಂಬತ್ತು ಹೆಜ್ಜೆ ನಡೆಯುವಾಗ ತೀರ್ಮಾನ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಯೋಣ ಎಂದುಕೊಂಡೇ ನಡೆದೆ. ಮರದ ಹತ್ತಿರ ಬಂದು ಮೇಲೆ ನೋಡಿದಾಗ ಕೊಂಬೆಯ ಎಲೆಗಳು ಮೊದಲಿಗಿಂತ ಜೋರಾಗಿ ಅಲುಗುತ್ತಿದ್ದವು. ಇನ್ನು ಒಂದು ಗಂಟೆ ಆ ಕಾಲು ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿತು ಅಷ್ಟೇ.

“ಬಿಚ್ಚಿ ಅಣ್ಣ,” ಎಂದೆ.

ಆಗಲೂ ಆಗಲಿಲ್ಲ. ಪಟ್ಟಿ ಕಾಂಡವನ್ನು ಸುತ್ತಿತ್ತು, ಕೊಂಡಿ ಆಚೆ ಬದಿಯಲ್ಲಿ, ಅವರ ಕಣ್ಣಿಗೆ ಕಾಣದಲ್ಲಿತ್ತು. ಒಂದು ಕೈ ಬಿಟ್ಟು, ಸುತ್ತಿ ಹೋಗಿ, ತಡಕಾಡಿ, ಎರಡು ಕಡೆ ಒತ್ತಿ ಅದನ್ನು ತೆರೆಯಬೇಕು. ತಾನಾಗಿ ತೆರೆದುಕೊಳ್ಳಬಾರದು ಎಂದೇ ಹಾಗೆ ಮಾಡಿರುತ್ತಾರೆ. ಅವರ ಕೈ ಹೊರಡಲೇ ಇಲ್ಲ. ಮೂರು ಸಲ ಪ್ರಯತ್ನಪಟ್ಟರು. ಮೂರನೆಯ ಸಲ ಅವರ ಬಾಯಿಂದ ಒಂದು ಸದ್ದು ಬಂತು. ಅದನ್ನು ಇಲ್ಲಿ ಬರೆಯಲಾರೆ.

ಆಗ ನನ್ನ ಕಣ್ಣು ಅವರ ಸೊಂಟದ ಕತ್ತಿಯ ಮೇಲೆ ಬಿತ್ತು.

“ಅಣ್ಣ, ಕೊಂಡಿ ಬಿಡಿ. ಕತ್ತಿ ತೆಗೀರಿ.”

ಭಾವಮೈದುನ ನನ್ನ ಮುಖ ನೋಡಿದ. ನಾನು ಹೇಳುತ್ತ ಹೋದೆ: ಮೊದಲು ಮೊಣಕಾಲನ್ನು ಕಾಂಡಕ್ಕೆ ಒತ್ತಿ, ಪಟ್ಟಿಗೆ ಒರಗಬೇಡಿ, ಭಾರವೆಲ್ಲ ಮರಕ್ಕೆ ಕೊಡಿ, ಪಟ್ಟಿ ಸಡಿಲ ಆಗಿದೆಯಾ ನೋಡಿ, ಆದಮೇಲೆ ಎಡಗಡೆ, ಸೊಂಟದ ಹತ್ತಿರ, ಒಂದೇ ಏಟು.

ಮೂರು ಗಂಟೆಗೂ ಮೇಲೆ ಕಾಂಡವನ್ನು ಬಿಡದ, ಕೊಂಡಿಗೂ ಬಾರದ ಬಲಗೈ, ಕತ್ತಿಗೆ ಬಂತು. ಬೆರಳುಗಳು ಕಾಂಡವನ್ನು ಬಿಟ್ಟವು, ಕೈ ಬೆನ್ನ ಹಿಂದೆ ಹೋಯಿತು, ಹಿಡಿ ಸಿಕ್ಕಿತು. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ಹೋದ ದಾರಿ ಅದು. ಕೈಗೇ ಗೊತ್ತಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಏಟು ಬಿತ್ತು. ಒಂದೇ ಏಟಿಗೆ ಆಗಲಿಲ್ಲ, ಎರಡು ಬೇಕಾಯಿತು. ಪಟ್ಟಿ ಕಾಂಡದ ಆಚೆಗೆ ಜಾರಿ ಒಂದು ಕವಲಿಗೆ ಸಿಕ್ಕಿಕೊಂಡಿತು. ಕತ್ತಿಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ಆ ಹೊತ್ತಿನಲ್ಲಿ ಅದನ್ನು ಅಷ್ಟು ಒಪ್ಪವಾಗಿ ಸಿಕ್ಕಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಇಳಿದರು. ಮೊದಲ ಹತ್ತು ಅಡಿ ನಿಂತು ನಿಂತು, ಆಮೇಲೆ ಎಂದಿನ ಹಾಗೆ. ನಡುವೆ ಏನೋ ಕೆಳಗೆ ಬಂತು. ಅವರೇ ಬಿದ್ದರು ಎಂದು ನಾನು ಕಣ್ಣು ಮುಚ್ಚಿದೆ. ಬಿದ್ದದ್ದು ಅಂಗೈಯಗಲದ ಒಂದು ತೊಗಟೆ. ಇಳಿಯಲು ಎಷ್ಟು ಹೊತ್ತಾಯಿತು ಎಂದು ಭಾವಮೈದುನನನ್ನು ಕೇಳಿದರೆ ಎರಡು ನಿಮಿಷ ಎನ್ನುತ್ತಾನೆ. ಅವರ ಹೆಂಡತಿ ಅರ್ಧ ಗಂಟೆ ಎನ್ನುತ್ತಾರೆ. ನನ್ನ ಗಡಿಯಾರದಲ್ಲಿ, ಅವರ ಕಾಲು ನೆಲ ಮುಟ್ಟಿದಾಗ, ಎರಡಕ್ಕೆ ಐದು ನಿಮಿಷವಿತ್ತು. ನೆಲ ಮುಟ್ಟಿದವರು ಅಲ್ಲೇ ಕೂತರು. ಆಕೆ ಪಕ್ಕದಲ್ಲಿ ಕೂತು ಅವರ ಪಾದದ ಹಗ್ಗದ ಬಳೆಯನ್ನು ಬಿಚ್ಚಿದರು.

ಅಗ್ನಿಶಾಮಕದವರು ಎರಡೂ ಇಪ್ಪತ್ತೈದಕ್ಕೆ ಬಂದರು. ಅವರ ಮುಖ್ಯಸ್ಥರು ಮರವನ್ನು ನೋಡಿದರು, ಬುಡದಲ್ಲಿ ಕೂತಿದ್ದವರನ್ನು ನೋಡಿದರು, ಬೆಲ್ಟಿನಲ್ಲಿ ಉಳಿದಿದ್ದ ಪಟ್ಟಿಯ ತುಂಡನ್ನು ಹಿಡಿದು ತುದಿಯನ್ನು ಬೆರಳಿನಿಂದ ಸವರಿದರು.

“ಕತ್ತರಿಸೋಕೆ ಯಾರು ಹೇಳಿದ್ದು?”

“ನಾನು ಸಾರ್. ನೀವು ಬಂದಿದ್ರೆ ಇಳಿಸ್ತಿದ್ರಾ?”

“ನಾವೂ ಹಗ್ಗದಲ್ಲೇ ಇಳಿಸ್ತಿದ್ದದ್ದು. ಅವ್ರು ಒಪ್ತಿದ್ರೋ ಇಲ್ವೋ ಹೇಳೋಕಾಗಲ್ಲ.” ಹೊರಡುವಾಗ ನನ್ನೊಬ್ಬನಿಗೆ ಕೇಳುವಂತೆ, “ಇನ್ನೊಂದ್ಸಲ ಹಾಗೆ ಹೇಳ್ಬೇಡಿ,” ಎಂದರು. ಸರಿ ಎಂದೆ.

ಮಳೆ ಬಂದದ್ದು ಎರಡೂ ನಲವತ್ತಕ್ಕೆ. ಸಿಡಿಲು ಬೀಳಲಿಲ್ಲ. ಆ ಮರಕ್ಕೆ ಇವತ್ತಿನವರೆಗೂ ಸಿಡಿಲು ಬಿದ್ದಿಲ್ಲ. ಕಾದಿದ್ದರೆ ಅಗ್ನಿಶಾಮಕದವರಿಗೆ ಮಳೆಗೆ ಮುಂಚೆ ಹದಿನೈದು ನಿಮಿಷ ಸಿಗುತ್ತಿತ್ತು ಎಂದು ಲೆಕ್ಕ ಹಾಕಬಹುದು. ಆ ಕಾಲು ಅಲ್ಲಿಯವರೆಗೆ ನಿಲ್ಲುತ್ತಿರಲಿಲ್ಲ ಎಂದೂ ಹೇಳಬಹುದು. ಎರಡನ್ನೂ ನಾನು ನನಗೇ ಹೇಳಿಕೊಂಡಿದ್ದೇನೆ.

ಆ ಸಂಜೆ ಲೈನಿಗೆ ಹೋದೆ. ಅವರು ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಅಂಗೈಯನ್ನು ನೆಲಕ್ಕೆ ಊರಿ ಕೂತಿದ್ದರು. ನೇತಾಡಿಸಿ ಅಭ್ಯಾಸ ಮಾಡಿಸಬೇಕಿತ್ತು, ಬಿಟ್ಟೆ, ತಪ್ಪು ನನ್ನದು ಎಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

“ರೈಟ್ರೇ, ಇಪ್ಪತ್ತಾರು ವರ್ಷ ನಂಗೆ ಹೆದ್ರಿಕೆ ಆಗಿಲ್ಲ,” ಎಂದರು. “ಆಗ್ಬೇಕಿತ್ತಾ?”

ಒಳಗಿನಿಂದ ಹೆಂಡತಿ, “ಇವತ್ತು ಆಗಿದ್ದು ಸಾಕು, ಗಂಜಿ ಕುಡೀರಿ,” ಎಂದರು.

ಆಮೇಲೆ ಅವರು ಎತ್ತರದ ಮರ ಹತ್ತಲಿಲ್ಲ. ಮೆಣಸು ಕುಯ್ಯಲು ಏಣಿ ಹತ್ತುತ್ತಾರೆ, ಎಂಟು ಹತ್ತು ಅಡಿ. ಅದಕ್ಕೂ ಬೆಲ್ಟ್ ಹಾಕಿಕೊಳ್ಳುತ್ತಾರೆ. ಹೇಳದೇ ಹಾಕಿಕೊಳ್ಳುತ್ತಾರೆ. ಭಾವಮೈದುನ ಅದಕ್ಕೆ ನಗುತ್ತಾನೆ, ಇವರೂ ನಗುತ್ತಾರೆ, ಆದರೆ ಬಕಲನ್ನು ಎರಡು ಸಲ ಎಳೆದು ನೋಡುತ್ತಾರೆ. ಮರ ಕಪಾತಿಗೆ ಈಗ ಬೇರೊಬ್ಬ ಬರುತ್ತಾನೆ. ಅವನು ಮೊದಲ ದಿನದಿಂದಲೂ ಬೆಲ್ಟಿನಲ್ಲೇ ಕಲಿತವನು. ಜಾರುತ್ತಾನೆ, ತೂಗುತ್ತಾನೆ, ಬೈದು ಮುಂದಕ್ಕೆ ಹೋಗುತ್ತಾನೆ. ಹಾಗಾದರೆ ತಪ್ಪು ಬೆಲ್ಟಿನದಲ್ಲ ಎನ್ನಬೇಕು. ಬೆಲ್ಟ್ ಇಲ್ಲದೆ ಮರ ಇಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅವತ್ತು ಅವರಿಗೆ ಬೆಲ್ಟ್ ಇರದಿದ್ದರೆ ಒಂದು ಬೈಗುಳ ಬೈದು ಮೂರನೆಯ ಕೊಂಬೆ ಕಡಿಯುತ್ತಿದ್ದರೋ, ಅಥವಾ ನನ್ನ ಕಾಲ ಬಳಿ ಬಂದು ಬೀಳುತ್ತಿದ್ದರೋ ಎಂದು ಕೇಳಿದರೆ ಹೇಳಲಾರೆ.

ಆ ಮಳೆಗಾಲದಲ್ಲಿ ಒಂದು ದಿನ, ಯಾರೂ ಇಲ್ಲದಾಗ, ಗೋಡೌನಿನ ಜಂತೆಗೆ ಹಗ್ಗ ಹಾಕಿ, ಬೆಲ್ಟ್ ಕಟ್ಟಿಕೊಂಡು, ಸ್ಟೂಲಿನಿಂದ ಕಾಲು ತೆಗೆದೆ. ಪಾದಕ್ಕೂ ನೆಲಕ್ಕೂ ಒಂದು ಗೇಣು ಅಂತರ. ಬಿದ್ದರೆ ಏನೂ ಆಗುವುದಿಲ್ಲ ಎಂದು ತಿಳಿದಿತ್ತು. ಬೆಲ್ಟ್ ಬಿಗಿಯಾಗಿ ಹಿಡಿದಿತ್ತು. ಆದರೂ ಮೊದಲ ಸೆಕೆಂಡಿನಲ್ಲಿ ನನ್ನ ಮೈ, ಇದುವರೆಗೂ ಯಾವುದೋ ಒಂದು ಕೈ ನನ್ನನ್ನು ಎತ್ತಿ ಹಿಡಿದಿತ್ತು, ಈಗ ಬಿಟ್ಟಿತು ಎನ್ನುವಂತೆ ಕುಗ್ಗಿತು. ಸ್ಟೂಲನ್ನು ಕಾಲಿನಿಂದ ತಡಕಿದೆ. ಅವರು ನಲವತ್ತೆಂಟು ಅಡಿಯಲ್ಲಿ ಕಂಡದ್ದು ಇದನ್ನೇ ಎಂದು ಹೇಳುವ ಧೈರ್ಯ ನನಗಿಲ್ಲ. ಈಗ ಬೆಲ್ಟ್ ಹಾಕುವ ಪ್ರತಿಯೊಬ್ಬರನ್ನೂ ಮೊದಲು ಅಲ್ಲಿ ನೇತಾಡಿಸುತ್ತೇನೆ. ಯಾರು ಎಷ್ಟು ನಕ್ಕರೂ.

ಇದನ್ನು ಬರೆದು ಮುಗಿಸಿ ಮೂವರಿಗೂ ಓದಿ ಹೇಳಿದೆ, ಹೆಸರು ಹಾಕಲು ಒಪ್ಪಿಗೆ ಕೇಳಿದೆ. ಕಾಲು ಜಾರಿದ್ದನ್ನು ನಾನಲ್ಲದೆ ನೋಡಿದವನು ಭಾವಮೈದುನ ಸುಧಾಕರ. ಅದೇ ತೋಟದಲ್ಲಿದ್ದಾನೆ. ಪಟ್ಟಿ ಮೊಣಕಾಲಿಗೆ ಸಿಕ್ಕಿತು ಎಂಬ ಮಾತನ್ನು ಇವತ್ತಿಗೂ ಬದಲಿಸಿಲ್ಲ; ನಾನೂ ನನ್ನದನ್ನು ಬದಲಿಸಿಲ್ಲ. ಕತ್ತಿ ಬೀಸಿದ್ದನ್ನು ನೋಡಿದವರು ಸುಧಾಕರ ಮತ್ತು ಅವನ ಅಕ್ಕ ಶಾಂತಾ. ಅವರೂ ಚೆನ್ನಾಗಿದ್ದಾರೆ. ಮರದಲ್ಲಿದ್ದವರು ಬಾಲನ್. ನೋಡಿದವರ ಸಾಲಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಲೇ ಎಂದು ಕೇಳಿದೆ.

“ಕತ್ತರಿಸೋವಾಗ ನಾನು ಕಣ್ಣು ಮುಚ್ಚಿದ್ದೆ ರೈಟ್ರೇ,” ಎಂದರು. “ಇದ್ದೀನಿ ಅಂತ ಮಾತ್ರ ಬರೀರಿ.”